ಕೋಣೆಯ ಗಾಳಿ ಮತ್ತು 99.97ರ ಲೆಕ್ಕ

ಏರ್ ಪ್ಯೂರಿಫೈಯರ್ ಮಾರುವವರು ಮೊದಲು ತೋರಿಸುವ ಸಂಖ್ಯೆ 99.97. ಯಂತ್ರದೊಳಗಿನ ಹೆಪಾ ಫಿಲ್ಟರ್ 0.3 ಮೈಕ್ರೋಮೀಟರ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುತ್ತದೆ ಎಂದು ಅದರ ಅರ್ಥ. ಮಾತು ಸುಳ್ಳಲ್ಲ. ಆದರೆ ಅದು ಫಿಲ್ಟರಿನ ಗುಣ, ಕೋಣೆಯದಲ್ಲ. ದೆಹಲಿಯ ನವೆಂಬರಿನಲ್ಲಿ ಕೂಸನ್ನು ಮಲಗಿಸಿಕೊಂಡ ತಾಯಿಗೆ ಬೇಕಾಗಿರುವುದು ಬೇರೆಯೇ ಉತ್ತರ: ಈ ಕೋಣೆಯಲ್ಲಿ ಮಗು ಉಸಿರಾಡುವ ಗಾಳಿ ನಿಜಕ್ಕೂ ಎಷ್ಟು ತಿಳಿಯಾಯಿತು?

ಮೊದಲು ಫಿಲ್ಟರ್. ಇದರ ಹುಟ್ಟು 1940ರ ದಶಕದ ಅಮೆರಿಕದಲ್ಲಿ, ಅಣುಬಾಂಬ್ ತಯಾರಿಸಿದ ಮ್ಯಾನ್‌ಹಟನ್ ಯೋಜನೆಯಲ್ಲಿ. ವಿಕಿರಣಶೀಲ ಕಣಗಳು ಗಾಳಿಯಲ್ಲಿ ಹರಡದಂತೆ ತಡೆಯುವುದು ಅದರ ಕೆಲಸವಾಗಿತ್ತು. ಅನೇಕರು ಇದನ್ನು ಬಲು ಸಣ್ಣ ಕಣ್ಣಿನ ಜರಡಿ ಎಂದುಕೊಳ್ಳುತ್ತಾರೆ. ಹಾಗಲ್ಲ. ಒತ್ತೊತ್ತಾಗಿ ಹೆಣೆದುಕೊಂಡ ನವಿರು ಎಳೆಗಳ ನಡುವಿನ ಸಂದುಗಳು, ಅದು ಹಿಡಿಯುವ ಎಷ್ಟೋ ಕಣಗಳಿಗಿಂತ ದೊಡ್ಡವು. ಆದರೂ ಕಣಗಳು ಪಾರಾಗುವುದಿಲ್ಲ. ಗಾಳಿ ಎಳೆಯನ್ನು ಬಳಸಿಕೊಂಡು ತಿರುಗಿದಾಗ, ಭಾರದ ಕಣ ಅಷ್ಟು ಬೇಗ ತಿರುಗಲಾರದೆ ನೇರ ಹೋಗಿ ಡಿಕ್ಕಿ ಹೊಡೆಯುತ್ತದೆ. ಮಧ್ಯಮ ಗಾತ್ರದ್ದು ಪಕ್ಕದಲ್ಲಿ ಸಾಗುವಾಗ ಮೈ ತಾಗಿ ಅಂಟಿಕೊಳ್ಳುತ್ತದೆ. ಅತಿ ಸಣ್ಣ ಕಣಕ್ಕೆ ನೆಟ್ಟಗೆ ಹೋಗಲು ಬರುವುದೇ ಇಲ್ಲ. ಗಾಳಿಯ ಅಣುಗಳು ಸುತ್ತಲಿಂದ ತಳ್ಳುತ್ತಿರುವುದರಿಂದ ಅದು ಅತ್ತಿತ್ತ ತೊನೆದಾಡುತ್ತ ಯಾವುದಾದರೊಂದು ಎಳೆಗೆ ಸಿಕ್ಕಿಬೀಳುತ್ತದೆ. ಡಿಕ್ಕಿ ಹೊಡೆಯುವಷ್ಟು ಭಾರವೂ ಇಲ್ಲದೆ, ತೊನೆದಾಡುವಷ್ಟು ಹಗುರವೂ ಅಲ್ಲದೆ ನುಣುಚಿಕೊಳ್ಳುವುದು ಸುಮಾರು 0.3 ಮೈಕ್ರೋಮೀಟರಿನ ಕಣ. ಅದಕ್ಕೇ ಪರೀಕ್ಷೆಗೆ ಆ ಗಾತ್ರವನ್ನು ಆರಿಸಿದ್ದಾರೆ. ಅಂದರೆ 99.97 ಎಂಬುದು ಫಿಲ್ಟರಿನ ಅತ್ಯಂತ ಕೆಟ್ಟ ಅಂಕ. ಅದಕ್ಕಿಂತ ಚಿಕ್ಕ ಕಣಗಳು ಇನ್ನೂ ಚೆನ್ನಾಗಿ ಸಿಕ್ಕಿಬೀಳುತ್ತವೆ. ಇಡೀ ಯಂತ್ರದಲ್ಲಿ ನನಗೆ ಅತಿ ಸೊಗಸಾಗಿ ಕಾಣುವ ಸಂಗತಿ ಇದು.

ಆದರೆ ಫಿಲ್ಟರ್ ಹಿಡಿಯುವುದು ತನ್ನ ಮೂಲಕ ಹಾದುಹೋದ ಗಾಳಿಯ ಕಣಗಳನ್ನು ಮಾತ್ರ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಹೊರಬರುತ್ತದೆ ಎಂಬುದನ್ನು ಹೇಳುವ ಅಂಕಿಯೇ ಸಿಎಡಿಆರ್. ಕೊಳ್ಳುವಾಗ ನೋಡಬೇಕಾದ ಸಂಖ್ಯೆ ಇದು. ಹನ್ನೆರಡಡಿ ಉದ್ದ, ಹನ್ನೆರಡಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಹಿಡಿಯುವುದು ಸುಮಾರು 40 ಘನ ಮೀಟರ್ ಗಾಳಿ. ಸಿಎಡಿಆರ್ 200 ಇದ್ದರೆ ಯಂತ್ರ ಗಂಟೆಗೆ ಐದು ಕೋಣೆಯಷ್ಟು ಶುದ್ಧ ಗಾಳಿ ಕೊಡುತ್ತದೆ. ಕಿಟಕಿ ಬಾಗಿಲು ಮುಚ್ಚಿದ್ದರೂ ಸಂದಿಗಳಿಂದ ಗಂಟೆಗೆ ಒಂದು ಕೋಣೆಯಷ್ಟು ಹೊರಗಾಳಿ ನುಗ್ಗುತ್ತದೆ ಎನ್ನೋಣ. ಆಗ ಆರು ಪಾಲಿನಲ್ಲಿ ಒಂದು ಪಾಲು ಕೊಳಕು. ಹೊರಗೆ ಪಿಎಂ 2.5 ಎಂಬ ನವಿರು ಕಣಗಳ ಪ್ರಮಾಣ ಘನ ಮೀಟರಿಗೆ 300 ಮೈಕ್ರೋಗ್ರಾಂ ಇದ್ದರೆ ಒಳಗೆ ಸುಮಾರು 50. ಕಿಟಕಿ ತೆರೆದು, ಗಂಟೆಗೆ ಹತ್ತು ಕೋಣೆಯಷ್ಟು ಗಾಳಿ ಬರುವಂತಾದರೆ ಅದೇ ಯಂತ್ರ, ಅದೇ ಫಿಲ್ಟರ್, ಒಳಗೆ 200! ಮುಚ್ಚಿದ ಕೋಣೆಯ 50 ಕೂಡ ಭಾರತದ ದಿನದ ಮಿತಿಯಾದ 60ರೊಳಗಿದೆ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15.

ಇನ್ನೊಂದು ಮಾತು. ಪೆಟ್ಟಿಗೆಯ ಮೇಲಿನ ಸಿಎಡಿಆರ್ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗಿದಾಗಿನದು. ಸದ್ದಾಗುತ್ತದೆಂದು ರಾತ್ರಿ ವೇಗ ತಗ್ಗಿಸಿದರೆ ಅದೂ ತಗ್ಗುತ್ತದೆ. ಹಾಗಾಗಿ ಕೋಣೆಗೆ ಬೇಕಾದ್ದಕ್ಕಿಂತ ದೊಡ್ಡ ಯಂತ್ರ ಕೊಂಡು ನಿಧಾನವಾಗಿ ಓಡಿಸುವುದೇ ಜಾಣತನ.

ದೇಹಕ್ಕೆ ಇದರಿಂದ ಪ್ರಯೋಜನವಿದೆಯೇ? ಶಾಂಘೈನಲ್ಲಿ 35 ಕಾಲೇಜು ವಿದ್ಯಾರ್ಥಿಗಳ ಹಾಸ್ಟೆಲ್ ಕೋಣೆಗಳಲ್ಲಿ 48 ಗಂಟೆ ಯಂತ್ರ ಓಡಿಸಿ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹೋಲಿಕೆಗೆಂದು ಫಿಲ್ಟರ್ ತೆಗೆದ ಯಂತ್ರವನ್ನೂ ಓಡಿಸಿದ್ದರು. ಒಳಗಿನ ಪಿಎಂ 2.5 ಶೇ 57ರಷ್ಟು ಇಳಿಯಿತು. ರಕ್ತದಲ್ಲಿ ಉರಿಯೂತದ ಸೂಚಕಗಳು ತಗ್ಗಿದವು, ರಕ್ತದೊತ್ತಡವೂ ಕೊಂಚ ಇಳಿಯಿತು. ಮಂಗೋಲಿಯಾದ ರಾಜಧಾನಿ, ಕಲ್ಲಿದ್ದಲು ಹೊಗೆಯ ಉಲಾನ್‌ಬಾತರ್‌ನಲ್ಲಿ ಗರ್ಭಿಣಿಯರ ಮನೆಗಳಿಗೆ ಯಂತ್ರ ಕೊಟ್ಟಾಗ ಇಳಿಕೆ ಶೇ 29 ಮಾತ್ರ. ಮೊದಮೊದಲು ಹೆಚ್ಚಿದ್ದ ಪರಿಣಾಮ ತಿಂಗಳುಗಳು ಕಳೆದಂತೆ ಕುಗ್ಗಿತ್ತು. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಹರಿಯುವುದಿಲ್ಲ, ಸಿಎಡಿಆರ್ ಕುಸಿಯುತ್ತದೆ. ಹೆಪಾವನ್ನು ನೀರಿನಲ್ಲಿ ತೊಳೆದು ಮತ್ತೆ ಹಾಕುವುದರಿಂದ ಅದು ಹಾಳಾಗುತ್ತದೆ, ಬದಲಾಯಿಸಲೇಬೇಕು.

ಹೆಪಾ ಹಿಡಿಯುವುದು ಕಣಗಳನ್ನು, ಅನಿಲಗಳನ್ನಲ್ಲ. ಇದು ಜೀವ ಉಳಿಸುವ ತಿಳಿವಳಿಕೆ. ಉತ್ತರ ಭಾರತದ ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಿ ಮನೆಮಂದಿಯೆಲ್ಲ ಸತ್ತ ಸುದ್ದಿ ಬರುತ್ತಲೇ ಇರುತ್ತದೆ. ಆ ಕಾರ್ಬನ್ ಮಾನಾಕ್ಸೈಡನ್ನು ಪ್ಯೂರಿಫೈಯರ್ ತೆಗೆಯುವುದಿಲ್ಲ. ಓಝೋನ್ ಉಗುಳಿ ಗಾಳಿ ಶುದ್ಧ ಮಾಡುತ್ತೇವೆನ್ನುವ ಯಂತ್ರಗಳನ್ನಂತೂ ಮನೆಗೆ ತರಲೇಬಾರದು. ಓಝೋನ್ ಶ್ವಾಸಕೋಶಕ್ಕೆ ಕೆಡುಕು.

ಬೆಂಗಳೂರು, ಮೈಸೂರುಗಳಲ್ಲಿ ವರ್ಷದ ಬಹುಪಾಲು ಕಿಟಕಿ ತೆರೆದೇ ಬದುಕುವ ನಮಗೆ ಈ ಯಂತ್ರದ ಪ್ರಯೋಜನ ಸೀಮಿತ. ಮನೆಯಲ್ಲಿ ಉಬ್ಬಸದವರು, ಹೃದ್ರೋಗಿಗಳು ಇದ್ದರೆ ಅವರು ಮಲಗುವ ಕೋಣೆಯೊಂದಕ್ಕೆ ತಂದು, ಬಾಗಿಲು ಮುಚ್ಚಿ ಓಡಿಸಿ. ಆದರೆ ಅದಕ್ಕೂ ಮುನ್ನ ಒಳಗಿನ ಹೊಗೆ ನಿಲ್ಲಲಿ. ಒಂದು ಸೊಳ್ಳೆಬತ್ತಿಯ ಸುರುಳಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟುಗಳಷ್ಟು ಪಿಎಂ 2.5 ಕಾರುತ್ತದೆಂದು 2003ರ ಅಧ್ಯಯನವೊಂದು ಅಳೆದು ತೋರಿಸಿತ್ತು. ಮಕ್ಕಳು ಮಲಗುವ ಕೋಣೆಯಲ್ಲಿ ಅದನ್ನು ಹಚ್ಚಬೇಡಿ, ಸೊಳ್ಳೆಪರದೆ ಕಟ್ಟಿ.