ಮೇಗುಟಿ ಬೆಟ್ಟದ ಬೌದ್ಧವಿಹಾರದಲ್ಲಿ

ಕೂಡಲಸಂಗಮದ ದರ್ಶನ ಮುಗಿಸಿದ ನಮ್ಮ ಭಾಗದ ಕುಟುಂಬಗಳು ಸಾಮಾನ್ಯವಾಗಿ ಅಮೀನಗಡದ ಕರದಂಟನ್ನು ಕಟ್ಟಿಸಿಕೊಂಡು ಊರ ದಾರಿ ಹಿಡಿಯುತ್ತವೆ. ಕಳೆದ ಮಾಘಮಾಸದಲ್ಲಿ ಕೊಂಡಜ್ಜಿಯ ಶರಣಬಂಧುಗಳೊಡನೆ ಹೊರಟಿದ್ದ ನಾವು ಹಾಗೆ ಮಾಡದೆ ಐಹೊಳೆಯತ್ತ ತಿರುಗಿದೆವು. ಅಲ್ಲಿ ತೀರಿಸಬೇಕಾದ ಹಳೆಯ ಋಣವೊಂದಿತ್ತು.

ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಬ್ರಹ್ಮಸೂತ್ರಗಳ ತರ್ಕಪಾದವನ್ನು ಓದುತ್ತಿದ್ದಾಗ ಬೌದ್ಧರು ನಮಗೆ ಪರಿಚಿತರಾದದ್ದು ಪೂರ್ವಪಕ್ಷವಾಗಿ ಮಾತ್ರ. ಅವರ ಮತವನ್ನು ಖಂಡಿಸಿ, ಗೆದ್ದೆವೆಂದುಕೊಂಡು ಪ್ರಸಾದಕ್ಕೆ ಏಳುತ್ತಿದ್ದೆವು. ಮುಂದೆ ಮೂವತ್ತು ವರ್ಷ ನಾವೂ ಅದನ್ನೇ ಪಾಠ ಹೇಳಿದೆವು. ಆ ಪೂರ್ವಪಕ್ಷದವರು ಎಲ್ಲಿ ಮಲಗುತ್ತಿದ್ದರು, ಏನು ಉಣ್ಣುತ್ತಿದ್ದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮೇಗುಟಿ ಬೆಟ್ಟದ ನೆತ್ತಿಯಲ್ಲಿ 634ರ ರವಿಕೀರ್ತಿಯ ಶಾಸನವಿರುವ ಜೈನ ಬಸದಿಯಿದೆ. ಪ್ರವಾಸಿಗಳು ನೇರವಾಗಿ ಅಲ್ಲಿಗೇ ನಡೆಯುತ್ತಾರೆ. ಅದಕ್ಕಿಂತ ಕೆಳಗೆ, ಬೆಟ್ಟದ ಮೈಗೆ ಅಂಟಿಕೊಂಡಂತೆ, ಎರಡಂತಸ್ತಿನ ಬೌದ್ಧ ಕಟ್ಟಡವಿದೆ. ಅರ್ಧ ಬಂಡೆಯಲ್ಲಿ ಕೊರೆದದ್ದು, ಅರ್ಧ ಕಲ್ಲಿನಲ್ಲಿ ಕಟ್ಟಿದ್ದು. ಮೇಲಂತಸ್ತಿನ ಪಡಸಾಲೆಯ ಮಾಡಿನಲ್ಲಿ ಕುಳಿತ ಬುದ್ಧನ ಉಬ್ಬುಶಿಲ್ಪವಿದೆ, ನೋಡಬೇಕಾದರೆ ಕತ್ತೆತ್ತಲೇಬೇಕು. ಒಳಗಿನ ತಂಪು ಕತ್ತಲೆಗೆ ಕಾಲಿಟ್ಟಾಗ, ಪಾಠಶಾಲೆಯಲ್ಲಿ ನಾವು ಚಾಪೆ ಹಾಸಿ ಮಲಗುತ್ತಿದ್ದ ಕೋಣೆಯೇ ಕಣ್ಣಮುಂದೆ ಬಂದಿತು.

ಇದು ಒಂಟಿ ವಿಹಾರವೇನಲ್ಲ. 640ರ ಸುಮಾರಿಗೆ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಚೀನದ ಯಾತ್ರಿಕ ಹ್ಯುಯೆನ್ ತ್ಸಾಂಗನು ಇಲ್ಲಿ ನೂರಕ್ಕೂ ಹೆಚ್ಚು ಸಂಘಾರಾಮಗಳಿದ್ದುದನ್ನೂ ಸುಮಾರು ಐದು ಸಾವಿರ ಭಿಕ್ಷುಗಳಿದ್ದುದನ್ನೂ ಬರೆದಿದ್ದಾನೆ. ಅವರನ್ನು ಸಲಹಿದವರು ಅರಸರಷ್ಟೇ ಅಲ್ಲ. ತೋಂಟದಾರ್ಯ ಮಠದಿಂದ ನಮಗೆಲ್ಲ ಪರಿಚಿತವಾದ ಡಂಬಳದಲ್ಲಿ ಹದಿನಾರು ಮಂದಿ ಸೆಟ್ಟರು ವಿಹಾರ ಕಟ್ಟಿಸಿದ ಸಂಗತಿ 1095ರ ಶಾಸನದಲ್ಲಿದೆ. ಕಲ್ಯಾಣದ ಶರಣರ ಕಾಲಕ್ಕೆ ಅದು ಎಷ್ಟು ಹತ್ತಿರ! ಕಾಯಕ ಮಾಡಿ ಗಳಿಸಿದವರು ಅನ್ನ ನೀಡುವ, ವಿರಕ್ತರು ಉಂಡು ಬೋಧಿಸುವ ಕ್ರಮ ಈ ನೆಲಕ್ಕೆ ಹೊಸದಾಗಿರಲಿಲ್ಲವೆಂದು ಪಾಠಶಾಲೆಯಲ್ಲಿ ನಮಗಾರೂ ಹೇಳಲಿಲ್ಲ. ನಾವೂ ನಮ್ಮ ಶಿಷ್ಯರಿಗೆ ಹೇಳಲಿಲ್ಲ.

ಅಲ್ಲಿರುವ ಬುದ್ಧಮೂರ್ತಿಗೆ ಶಿರವಿಲ್ಲ. ನಮ್ಮೊಡನಿದ್ದ ಕೊಂಡಜ್ಜಿಯ ವೃದ್ಧೆಯೊಬ್ಬರು ಅದರ ತೊಡೆಯ ಮೇಲಿನ ಒಣ ಎಲೆಗಳನ್ನು ಸೆರಗಿನಿಂದ ಮೆಲ್ಲಗೆ ಸರಿಸಿದರು. ಅವರ ಮೊಮ್ಮಗ ನಮ್ಮ ಕೈಹಿಡಿದು ಕೇಳಿದ:

“ಅಜ್ಜಾರೆ, ಇವರೂ ಮಠದವರೇನು?”

“ಹೌದಪ್ಪ, ಮಠದವರೇ” ಎಂದೆವು. ತರ್ಕಪಾದದ ಒಂದು ಸೂತ್ರವೂ ಆಗ ನೆನಪಿಗೆ ಬರಲಿಲ್ಲ. ಬಿಸಿಲೇರುತ್ತಿತ್ತು, ಬಸದಿಯನ್ನು ನೋಡುವುದು ಇನ್ನೂ ಉಳಿದಿತ್ತು. ಹುಡುಗ ಮುಂದೆ ಓಡಿದ, ನಾವು ಕೋಲೂರಿಕೊಂಡು ಹಿಂದೆ ಹತ್ತಿದೆವು.