ಮನೆಯ ಹಜಾರದಲ್ಲಿ ಭಾಷಣದ ಪಾಠ

“ಮಾತನಾಡುವುದನ್ನು ಕಲಿಸುವುದಕ್ಕೂ ಒಂದು ಕಾಲೇಜು ಬೇಕೆ?” ಎಂದು ಕೇಳುವ ಹಿರಿಯರು ನಮ್ಮಲ್ಲಿ ಇನ್ನೂ ಇರುವರು. ತಾಯಿಯ ತೊಡೆಯ ಮೇಲೆ ತಾನಾಗಿ ಬಂದ ವಿದ್ಯೆಗೆ ಶುಲ್ಕ ತೆತ್ತು, ಪರೀಕ್ಷೆಗೆ ಕುಳಿತು, ಅಂಕ ಪಡೆಯಬೇಕೆಂದರೆ ಅವರಿಗೆ ನಗೆ ಬರುವುದು ಸಹಜವೇ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ದಾದಿಯ ಕೆಲಸಕ್ಕೆ ಓದುವವಳಾಗಲಿ, ಯಂತ್ರಶಾಸ್ತ್ರಕ್ಕೆ ಓದುವವನಾಗಲಿ, ಕಾಲೇಜಿನ ಮೊದಲನೆಯ ವರ್ಷದಲ್ಲಿ ಭಾಷಣ ಮತ್ತು ಸಂಭಾಷಣೆಯ ಒಂದು ಪ್ರವೇಶಪಾಠವನ್ನು ಮುಗಿಸುವುದು ಅನೇಕ ಕಡೆ ವಾಡಿಕೆಯಾಗಿದೆ. ಇದಕ್ಕಿಂತಲೂ ಅಚ್ಚರಿಯ ಸಂಗತಿಯೊಂದುಂಟು. ಈ ಪಾಠವು ಈಗ ಆನ್‌ಲೈನ್ ಆಗಿಯೂ ನಡೆಯುತ್ತಿದೆ. ಗುರುವು ಒಂದೂರಿನಲ್ಲಿ, ಶಿಷ್ಯನು ಮತ್ತೊಂದೂರಿನಲ್ಲಿ, ಸಹಪಾಠಿಗಳು ಹತ್ತು ದಿಕ್ಕುಗಳಲ್ಲಿ; ಹೀಗಿರಲು ಭಾಷಣವೆಂಬುದು ಯಾರ ಮುಂದೆ? ಕೇಳುವವರಿಲ್ಲದ ಮಾತನ್ನು ಮಾತೆನ್ನಬಹುದೆ? ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೊದಲಾದ ಊರುಗಳಲ್ಲಿ ಮಕ್ಕಳು ಮೊಮ್ಮಕ್ಕಳಿರುವ ನಮ್ಮ ವಾಚಕರಿಗೆ ಈ ಪ್ರಶ್ನೆ ಅಷ್ಟೊಂದು ದೂರದ್ದಲ್ಲ.

ಟೆಕ್ಸಾಸ್ ಸಂಸ್ಥಾನವನ್ನೇ ತೆಗೆದುಕೊಳ್ಳೋಣ. ಅಲ್ಲಿಯ ಸರಕಾರಿ ಕಾಲೇಜುಗಳೆಲ್ಲ ಪಾಠಗಳಿಗೆ ಒಂದೇ ಬಗೆಯ ಸಂಖ್ಯೆಗಳನ್ನು ಬಳಸುವ ಏರ್ಪಾಟುಂಟು. ಭಾಷಣದ ಪ್ರವೇಶಪಾಠದ ಸಂಖ್ಯೆ 1311. ಮೊದಲ ಅಂಕಿಯಾದ 1 ಎಂಬುದು ಪ್ರಥಮ ವರ್ಷದ ಮಟ್ಟವನ್ನೂ, ಎರಡನೆಯದಾದ 3 ಎಂಬುದು ಆ ಪಾಠದ ಕ್ರೆಡಿಟ್ಟನ್ನೂ ತಿಳಿಸುವುವು. ಅದರ ಸೋದರಪಾಠಗಳೂ ಕೆಲವಿವೆ: ಸಭೆಯಲ್ಲಿ ಮಾತನಾಡುವುದಕ್ಕೆ 1315, ಇಬ್ಬರ ನಡುವಣ ಮಾತಿಗೆ 1318, ವ್ಯವಹಾರದ ಮಾತಿಗೆ 1321. ಪದವಿಗಾಗಿ ಎಲ್ಲರೂ ಓದಬೇಕಾದ 42 ಕ್ರೆಡಿಟ್‌ಗಳ ಮೂಲಪಾಠಗಳಲ್ಲಿ 6 ಬರವಣಿಗೆಗೂ ಮಾತಿಗೂ ಸೇರಿದ ವಿಭಾಗಕ್ಕೆ ಮೀಸಲು. ಶುಲ್ಕ ಕಡಮೆಯಿರುವ ಎರಡು ವರ್ಷದ ಕಮ್ಯೂನಿಟಿ ಕಾಲೇಜಿನಲ್ಲಿ ಇದನ್ನು ಓದಿ, ಅದೇ ಕ್ರೆಡಿಟ್ಟನ್ನು ದೊಡ್ಡ ವಿಶ್ವವಿದ್ಯಾಲಯಕ್ಕೆ ಒಯ್ಯಬಹುದು. ಹೈಸ್ಕೂಲಿನಲ್ಲಿರುವಾಗಲೇ ಓದಿ ಎರಡೂ ಕಡೆ ಲೆಕ್ಕಕ್ಕೆ ಹಿಡಿಸಿಕೊಳ್ಳುವ ಅನುಕೂಲವೂ ಇರುವುದರಿಂದ, ಹದಿನೇಳು ವರ್ಷದ ಹುಡುಗನೂ ನಲವತ್ತು ವರ್ಷದ ಗೃಹಿಣಿಯೂ ಒಂದೇ ತರಗತಿಯಲ್ಲಿ ಸೇರುವುದುಂಟು.

ಭಾಷಣಶಿಕ್ಷಣವು ಹೊಸದೇನೂ ಅಲ್ಲ. ಅರಿಸ್ಟಾಟಲನು ಮಾತಿನ ಬಲವನ್ನು ಮೂರಾಗಿ ವಿಂಗಡಿಸಿದನು: ಮಾತನಾಡುವವನ ಶೀಲ, ಕೇಳುವವರ ಭಾವ, ಮತ್ತು ವಿಷಯದ ಯುಕ್ತಿ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಳೆದ ಮೇಲೂ ಇಂದಿನ ಪಠ್ಯಪುಸ್ತಕಗಳು ಈ ಮೂರನ್ನು ಬಿಟ್ಟಿಲ್ಲ. ನಡುವೆ ಈ ವಿದ್ಯೆ ದಾರಿ ತಪ್ಪಿದ್ದೂ ಉಂಟು. 1806ರಲ್ಲಿ ಗಿಲ್ಬರ್ಟ್ ಆಸ್ಟಿನ್ ಎಂಬಾತನು ‘ಕೈರೊನೋಮಿಯಾ’ ಎಂಬ ಗ್ರಂಥವನ್ನು ಪ್ರಕಟಿಸಿ, ಭಾಷಣಕಾರನು ಯಾವ ಮಾತಿಗೆ ಕೈಯನ್ನು ಯಾವ ದಿಕ್ಕಿಗೆ ಎಷ್ಟು ಎತ್ತತಕ್ಕದ್ದೆಂಬುದಕ್ಕೆ ಸಂಗೀತದ ಸ್ವರಲಿಪಿಯಂತೆ ಸಂಕೇತಗಳನ್ನೇ ಹಾಕಿಕೊಟ್ಟನು. ಮುಂದೆ ಆ ಶತಮಾನದುದ್ದಕ್ಕೂ ಹಾವಭಾವ ಕಂಠಗಳ ಕಸರತ್ತು ಬಹಳವಾಯಿತು. ಇದನ್ನು ಮುರಿದವರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ವೈನನ್ಸ್ ಮುಖ್ಯನು. ಸಭಾಭಾಷಣವೆಂದರೆ ಹಿಗ್ಗಿಸಿದ ಸಂಭಾಷಣೆಯೇ ಹೊರತು ಬೇರೊಂದು ನಾಟಕವಲ್ಲವೆಂದು ಆತನು 1915ರ ತನ್ನ ಪುಸ್ತಕದಲ್ಲಿ ವಾದಿಸಿದನು. ಅದಕ್ಕೆ ಹಿಂದಿನ ವರ್ಷ, ಅಂದರೆ 1914ರ ನವೆಂಬರಿನಲ್ಲಿ, 17 ಮಂದಿ ಅಧ್ಯಾಪಕರು ಷಿಕಾಗೋ ನಗರದಲ್ಲಿ ಇಂಗ್ಲಿಷ್ ಉಪಾಧ್ಯಾಯರ ಮಂಡಲಿಯಿಂದ ಬೇರ್ಪಟ್ಟು ಭಾಷಣಾಧ್ಯಾಪಕರ ಸಂಘವೊಂದನ್ನು ಕಟ್ಟಿದರು. ಸಾಹಿತ್ಯದ ಮನೆಯಲ್ಲಿ ಬಾಡಿಗೆಗಿದ್ದ ವಿದ್ಯೆಗೆ ಸ್ವಂತ ಮನೆಯಾದದ್ದು ಹೀಗೆ. ಆ ಸಂಘವು ಹಲವು ಸಲ ಹೆಸರು ಬದಲಾಯಿಸಿಕೊಂಡು, 1997ರಿಂದ ರಾಷ್ಟ್ರೀಯ ಸಂವಹನ ಸಂಘವೆಂಬ ಅರ್ಥದ ಹೆಸರಿನಲ್ಲಿ ನಡೆಯುತ್ತಿದೆ. ಕಾಲೇಜಿನ ಹೊರಗೂ ಈ ವಿದ್ಯೆಗೆ ಗಿರಾಕಿಗಳಿದ್ದರು. 1912ರಲ್ಲಿ ಡೇಲ್ ಕಾರ್ನೆಗಿಯು ನ್ಯೂಯಾರ್ಕಿನ ವೈ.ಎಂ.ಸಿ.ಎ. ಸಂಸ್ಥೆಯಲ್ಲಿ ದುಡಿಯುವ ಜನರಿಗಾಗಿ ರಾತ್ರಿಯ ತರಗತಿ ತೆರೆದದ್ದು ಪ್ರಸಿದ್ಧವಾಗಿದೆ.

ಇನ್ನು ಪಾಠದ ಒಳಗೆ ಏನಿದೆಯೆಂಬುದನ್ನು ನೋಡೋಣ. ಸಾಮಾನ್ಯವಾಗಿ 16 ವಾರಗಳ ಅವಧಿ. ಮೊದಲಲ್ಲಿ ಒಂದಿಷ್ಟು ಸಿದ್ಧಾಂತ. ದೂರವಾಣಿ ಕಂಪೆನಿಯ ಪ್ರಯೋಗಾಲಯದಲ್ಲಿದ್ದ ಕ್ಲಾಡ್ ಶಾನನ್ನನು 1948ರಲ್ಲಿ ತಂತಿಯ ಮೇಲೆ ಸಂದೇಶ ಸಾಗುವ ರೀತಿಗೆ ಒಂದು ಗಣಿತವನ್ನು ರಚಿಸಿದನು. ಹೇಳುವವನು, ಸಂದೇಶ, ಅದರ ಹಾದಿ, ಕೇಳುವವನು, ನಡುವೆ ಬರುವ ಗದ್ದಲ ಎಂಬ ಆ ಚಿತ್ರವನ್ನು ಭಾಷಣದ ಮೇಷ್ಟರುಗಳು ಎರವಲು ತಂದು ಮನುಷ್ಯರ ಮಾತಿಗೂ ಹಚ್ಚಿದರು. ಗದ್ದಲವೆಂದರೆ ಬೀದಿಯ ಸದ್ದು ಮಾತ್ರವಲ್ಲ. ಕೇಳುವವನ ಹಸಿವು, ಹಳೆಯ ಮುನಿಸು, ಅರ್ಥವಾಗದ ಪದ, ಇವೆಲ್ಲ ಗದ್ದಲವೇ. ತಂತಿಗೆ ಮುನಿಸಿಲ್ಲ, ಅತ್ತೆ ಸೊಸೆಯರಿಗುಂಟು. ಆದಕಾರಣ ಈ ಹೋಲಿಕೆಯನ್ನು ತೀರ ಜಗ್ಗಬಾರದೆಂದು ಪಠ್ಯಪುಸ್ತಕಗಳೇ ಎಚ್ಚರಿಸುವುವು. ಆಮೇಲೆ ಕೇಳುವ ಕಲೆ, ಸಣ್ಣ ಗುಂಪಿನಲ್ಲಿ ನಡೆದುಕೊಳ್ಳುವ ಬಗೆ, ಮೈಮಾತು ಇತ್ಯಾದಿ. ಮೈಮಾತಿನ ಅಧ್ಯಾಯಕ್ಕೆ ಬಂದಾಗ, ಮಾತಿನ ಅರ್ಥದಲ್ಲಿ ನೂರಕ್ಕೆ 7 ಪಾಲು ಮಾತ್ರ ಶಬ್ದದ್ದು, ಮಿಕ್ಕುದೆಲ್ಲ ಧ್ವನಿ ಮತ್ತು ಮುಖಭಾವದ್ದು ಎಂಬ ಹೇಳಿಕೆಯನ್ನು ವಿದ್ಯಾರ್ಥಿಯು ಎಲ್ಲಿಯಾದರೂ ಓದಿಯೇ ಓದುವನು. ಇದನ್ನು ನಂಬಲಾಗದು. ಆಲ್ಬರ್ಟ್ ಮೆಹ್ರಾಬಿಯನ್ನನು 1967ರಲ್ಲಿ ಮಾಡಿದ ಪ್ರಯೋಗಗಳು ಒಂಟಿ ಶಬ್ದಗಳಲ್ಲಿ ಒಲವು ಮುನಿಸುಗಳು ಹೇಗೆ ತೋರುವುವೆಂಬ ಸಣ್ಣ ವಿಷಯಕ್ಕೆ ಸೇರಿದವು. ಅದನ್ನು ಎಲ್ಲ ಮಾತಿಗೂ ಹಿಗ್ಗಿಸಿದರೆ, ಭಾಷೆ ತಿಳಿಯದ ಉಪನ್ಯಾಸದಲ್ಲಿಯೂ ನಮಗೆ ಬಹುಪಾಲು ಅರ್ಥವಾಗಬೇಕಾಗಿತ್ತು!

ಭಾಷಣಗಳು ಮೂರೋ ನಾಲ್ಕೋ. ತನ್ನನ್ನು ಪರಿಚಯಿಸಿಕೊಳ್ಳುವ ಎರಡು ನಿಮಿಷದ್ದು ಮೊದಲು, ತಿಳಿವಳಿಕೆ ಕೊಡುವುದು ಮುಂದಿನದು, ಮನವೊಲಿಸುವುದು ಕೊನೆಯದು. ಮನವೊಲಿಸುವ ಭಾಷಣಕ್ಕೆ ಪರ್ಡ್ಯೂ ವಿಶ್ವವಿದ್ಯಾಲಯದ ಆಲನ್ ಮನ್ರೋ 1930ರ ದಶಕದಲ್ಲಿ ಹೊಂದಿಸಿಕೊಟ್ಟ ಐದು ಮೆಟ್ಟಿಲುಗಳನ್ನು ಇಂದಿಗೂ ಕಲಿಸುವರು. ರಕ್ತದಾನದ ವಿಷಯವನ್ನೇ ಇಟ್ಟುಕೊಳ್ಳಿರಿ. ಮೊದಲು ಒಂದು ಸಂಗತಿಯಿಂದ ಗಮನ ಸೆಳೆಯಬೇಕು. ರಕ್ತದ ಕೊರತೆಯನ್ನು ಮನಗಾಣಿಸಬೇಕು. ಅದಕ್ಕೆ ದಾನವೇ ಪರಿಹಾರವೆಂದು ತೋರಿಸಬೇಕು. ಕೊಟ್ಟರೆ ಏನಾಗುವುದು, ಕೊಡದಿದ್ದರೆ ಏನಾಗುವುದು ಎಂಬ ಚಿತ್ರವನ್ನು ಕಣ್ಣಿಗೆ ಕಟ್ಟಿಸಬೇಕು. ಕೊನೆಗೆ, ಎಲ್ಲಿ ಎಂದು ಹೋಗಿ ತೋಳು ಚಾಚಬೇಕೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಒಳ್ಳೆಯ ಹರಿಕಥೆಯ ದಾಸರಿಗೆ ಈ ಸೋಪಾನಕ್ರಮ ಯಾವ ಪುಸ್ತಕವಿಲ್ಲದೆಯೂ ತಿಳಿದಿತ್ತೆಂದು ಕೆಲವರು ಹೇಳಿಯಾರು. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಪೂರ್ಣವಾಕ್ಯಗಳ ಹಂದರವನ್ನು ಮುಂಚೆಯೇ ಬರೆದೊಪ್ಪಿಸಬೇಕು. ಆದರೆ ಮಾತನಾಡುವಾಗ ಕೈಯಲ್ಲಿ ಚಿಕ್ಕ ಚೀಟಿಗಳು ಮಾತ್ರ. ಬರೆದದ್ದನ್ನು ಓದಿದರೆ ಅಂಕ ಕಡಿತವಾಗುವುದು.

ಇಷ್ಟೆಲ್ಲ ಸುಲಭ. ಕಷ್ಟವಿರುವುದು ಎದೆಯ ನಡುಕದಲ್ಲಿ. 1973ರಲ್ಲಿ ಅಮೆರಿಕದಲ್ಲಿ ನಡೆದ ಒಂದು ವಿಚಾರಣೆಯಲ್ಲಿ ನೂರಕ್ಕೆ ಸುಮಾರು 41 ಜನ ಗುಂಪಿನ ಮುಂದೆ ಮಾತನಾಡುವುದು ತಮಗೆ ಭಯವೆಂದು ಒಪ್ಪಿಕೊಂಡರು. ಜೇಮ್ಸ್ ಮೆಕ್ರಾಸ್ಕಿ ಎಂಬ ವಿದ್ವಾಂಸನು 1970ರಲ್ಲಿ ಈ ಅಳುಕಿಗೆ ಒಂದು ಶಾಸ್ತ್ರೀಯ ಹೆಸರನ್ನಿಟ್ಟು, ಮುಂದೆ ಅದನ್ನು ಅಳೆಯಲು 24 ಹೇಳಿಕೆಗಳ ಪಟ್ಟಿಯನ್ನೂ ಸಿದ್ಧಮಾಡಿದನು. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಗುರುತು ಹಾಕಿ ಕೂಡಿದರೆ, ಮೊತ್ತವು 24ರಿಂದ 120ರೊಳಗೆ ಬರುವುದು. 80ನ್ನು ದಾಟಿದವರನ್ನು ಬಹಳ ಅಳುಕುಳ್ಳವರೆಂದು ಎಣಿಸುವರು. ಅನೇಕ ಅಧ್ಯಾಪಕರು ಈ ಪಟ್ಟಿಯನ್ನು ಮೊದಲನೆಯ ವಾರದಲ್ಲಿಯೇ ತುಂಬಿಸುವರು. ಇದರಿಂದ ದೊಡ್ಡ ಉಪಕಾರವೊಂದುಂಟು: ತನಗೊಬ್ಬನಿಗೇ ಬಂದ ರೋಗವಿದೆಂದು ಬಚ್ಚಿಟ್ಟುಕೊಂಡಿದ್ದವನಿಗೆ ಇದು ಊರಿಗೆಲ್ಲ ಇರುವುದೆಂದು ತಿಳಿಯುವುದು.

ಇದಕ್ಕಿಂತ ಹಿತವಾದ ಮಾತನ್ನು 2003ರಲ್ಲಿ ಸಾವಿಟ್‌ಸ್ಕಿ ಮತ್ತು ಗಿಲೋವಿಚ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದರು. ಮಾತನಾಡುವವನು ತನ್ನ ನಡುಕವು ಎಲ್ಲರಿಗೂ ಎದ್ದು ಕಾಣುತ್ತಿದೆಯೆಂದು ಭಾವಿಸುವನು. ವಸ್ತುತಃ ಕೇಳುವವರಿಗೆ ಅದರ ಅಲ್ಪಾಂಶವೇ ಕಾಣುವುದು. ಈ ಸಂಗತಿಯನ್ನು ಮೊದಲೇ ತಿಳಿಸಿ ಭಾಷಣಕ್ಕೆ ನಿಲ್ಲಿಸಿದಾಗ, ತಿಳಿಸದವರಿಗಿಂತ ತಿಳಿದವರು ಚೆನ್ನಾಗಿ ಮಾತನಾಡಿದರಂತೆ; ತಾವೂ ಹಾಗೆಂದರು, ಕೇಳಿದವರೂ ಹಾಗೆಂದರು. ಔಷಧವಿಲ್ಲ, ಖರ್ಚಿಲ್ಲ, ಒಂದು ನಿಜವನ್ನು ಹೇಳಿದ್ದಷ್ಟೇ ಚಿಕಿತ್ಸೆ.

ಈಗ ಮನೆಯ ಹಜಾರಕ್ಕೆ ಬರೋಣ. ಆನ್‌ಲೈನ್ ಪಾಠದಲ್ಲಿ ಎರಡು ಬಗೆ. ಒಂದರಲ್ಲಿ ಎಲ್ಲರೂ ನಿಗದಿಯಾದ ವೇಳೆಗೆ ಪರದೆಯ ಮುಂದೆ ಕೂಡಿ, ಒಬ್ಬೊಬ್ಬರಾಗಿ ಮಾತನಾಡುವರು. 2020ರ ಮಹಾಮಾರಿಯ ಕಾಲದಲ್ಲಿ ಕಾಲೇಜುಗಳು ಒಮ್ಮೆಗೇ ಬಾಗಿಲು ಹಾಕಿದಾಗ ಈ ಪದ್ಧತಿ ಮನೆಮನೆಗೂ ಪರಿಚಯವಾಯಿತು. ಎರಡನೆಯದರಲ್ಲಿ ವಿದ್ಯಾರ್ಥಿಯು ತನಗೆ ಅನುಕೂಲವಾದ ಹೊತ್ತಿನಲ್ಲಿ ಭಾಷಣಮಾಡಿ, ಅದರ ಚಲಚ್ಚಿತ್ರವನ್ನು ಕಳುಹಿಸುವನು. ಗೋಡೆಗೆ ಹೇಳಿ ಕಳುಹಿಸಿದರೆ ಆಗದಷ್ಟೆ; ಅದಕ್ಕಾಗಿ ಅನೇಕ ಅಧ್ಯಾಪಕರು ಕೇಳುವವರನ್ನು ನೀನೇ ಕೂಡಿಸು ಎಂದು ವಿಧಿಸುವರು. ಇಷ್ಟು ಜನ ವಯಸ್ಕರು ಎದುರಿಗೆ ಕುಳಿತಿರತಕ್ಕದ್ದು. ಭಾಷಣಕ್ಕೆ ಮೊದಲೂ ಆಮೇಲೂ ಕ್ಯಾಮೆರಾವನ್ನು ಅವರ ಕಡೆ ತಿರುಗಿಸಿ ತೋರಿಸತಕ್ಕದ್ದು. ಮಾತನಾಡುವವನ ಮೈ ಕೈಗಳು ಕಾಣತಕ್ಕದ್ದು. ನಡುವೆ ಕತ್ತರಿಸಿ ಅಂಟಿಸಕೂಡದು. ಹೀಗೆ ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲರೂ ಊಟವಾದ ಮೇಲೆ ಸೋಫಾದ ಮೇಲೆ ಸಾಲಾಗಿ ಕುಳಿತು ಜೇನುನೊಣಗಳ ಮೇಲಿನ ಐದು ನಿಮಿಷದ ಭಾಷಣಕ್ಕೆ ಸಭಿಕರಾಗುವರು.

ಈ ಏರ್ಪಾಟಿಗೆ ಆಕ್ಷೇಪಗಳು ಕಡಮೆಯಲ್ಲ. ಸ್ವಂತ ಜನರ ಮುಂದೆ ಮಾತನಾಡುವುದು ಸಭೆಯ ಮುಂದೆ ಮಾತನಾಡಿದಂತಾಗದೆಂದು ಕೆಲವರ ವಾದ. ನಮ್ಮ ಅನುಭವವೇ ಬೇರೆ. ಅಪರಿಚಿತರ ಮುಂದೆ ಧಾರಾಳವಾಗಿ ಮಾತನಾಡುವವರು ಸೋದರಮಾವನ ಮುಂದೆ ತಡವರಿಸುವುದನ್ನು ಯಾರು ನೋಡಿಲ್ಲ? ಆದರೆ ಮತ್ತೊಂದು ಆಕ್ಷೇಪ ಗಟ್ಟಿಯಾದದ್ದು. ಊರಿಗೆ ಹೊಸದಾಗಿ ಬಂದವನು, ರಾತ್ರಿಪಾಳಿಯಲ್ಲಿ ದುಡಿಯುವವಳು, ಕೂಸೊಂದನ್ನು ಬಿಟ್ಟರೆ ಮನೆಯಲ್ಲಿ ಬೇರೆ ಯಾರೂ ಇಲ್ಲದ ತಾಯಿ, ಇವರು ನಾಲ್ಕಾರು ವಯಸ್ಕರನ್ನು ಎಲ್ಲಿಂದ ತರಬೇಕು? ಆನ್‌ಲೈನ್ ಪಾಠವನ್ನು ಮುಖ್ಯವಾಗಿ ಇಂಥವರಿಗಾಗಿಯೇ ಇಟ್ಟದ್ದು; ನೆಂಟರಿಲ್ಲವೆಂಬ ಕಾರಣಕ್ಕೆ ಅಂಕ ಹೋಗುವುದಾದರೆ ಅದು ನ್ಯಾಯವಲ್ಲ. ಅಂಥವರಿಗೆ ಸಹಪಾಠಿಗಳನ್ನೇ ಪರದೆಯ ಮೇಲೆ ಸಭಿಕರಾಗಿ ಕೂಡಿಸಲು ಒಪ್ಪುವ ಅಧ್ಯಾಪಕರೂ ಇರುವರೆಂಬುದು ಸಮಾಧಾನದ ಸಂಗತಿ. ಕ್ಯಾಲಿಫೋರ್ನಿಯಾ ಸಂಸ್ಥಾನವು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. ಕಮ್ಯೂನಿಟಿ ಕಾಲೇಜುಗಳಿಂದ ಸರಕಾರಿ ವಿಶ್ವವಿದ್ಯಾಲಯಗಳಿಗೆ ಹೋಗುವವರಿಗಾಗಿ 2025ರ ಶರತ್ಕಾಲದಿಂದ ಜಾರಿಗೆ ಬಂದ ಪಾಠಕ್ರಮದಲ್ಲಿ ಮೌಖಿಕ ಭಾಷಣವೂ ಸೇರಿದೆ. ಅಲ್ಲಿ ವಿದ್ಯಾರ್ಥಿಯು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಇತರರ ಸಮ್ಮುಖದಲ್ಲಿ, ಆ ಹೊತ್ತಿನಲ್ಲಿಯೇ ಮಾತನಾಡಬೇಕು. ಸಮ್ಮುಖವು ಕೊಠಡಿಯಲ್ಲಾದರೂ ಆದೀತು, ಪರದೆಯ ಮೇಲಾದರೂ ಆದೀತು. ನಮ್ಮ ಅಭಿಪ್ರಾಯವೂ ಈ ಕಡೆಗೇ ವಾಲುವುದು. ಹತ್ತು ಸಲ ಮುದ್ರಿಸಿ, ಒಂಬತ್ತನ್ನು ಅಳಿಸಿ, ಹತ್ತನೆಯದನ್ನು ಕಳುಹಿಸಿದವನಿಗೆ ಅಭ್ಯಾಸವಾಗುವುದು ನಿಜ. ಆದರೆ ತಪ್ಪಿದ ಮಾತನ್ನು ಸಭೆಯ ಮುಂದೆಯೇ ಸರಿಪಡಿಸಿಕೊಂಡು ಮುಂದುವರಿಯುವ ಧೈರ್ಯ ಅದರಿಂದ ಬರುವುದು ಸಂದೇಹ.

ಕೃತಕ ಬುದ್ಧಿಯ ಯಂತ್ರಗಳು ಬಂದಮೇಲೆ ಈ ವಾದಕ್ಕೆ ಇನ್ನೊಂದು ಮುಖ ಬಂದಿದೆ. ಭಾಷಣದ ಪಠ್ಯವನ್ನು ಕ್ಷಣಮಾತ್ರದಲ್ಲಿ ಬರೆದುಕೊಡುವ ಯಂತ್ರವು ಎಲ್ಲರ ಕೈಯಲ್ಲಿರುವಾಗ, ಬರವಣಿಗೆಯನ್ನು ನೋಡಿ ವಿದ್ಯಾರ್ಥಿಯನ್ನು ಅಳೆಯುವುದು ಅಧ್ಯಾಪಕರಿಗೆ ಕಷ್ಟವಾಗಿದೆ. ಭಾಷಣದ ಅಧ್ಯಾಪಕನಿಗೆ ಮಾತ್ರ ಒಂದು ಅನುಕೂಲ ಉಳಿದಿದೆ: ಮಾತು ಮುಗಿದ ಕೂಡಲೇ ಒಂದು ಪ್ರಶ್ನೆ ಕೇಳಬಹುದು. ಅದಕ್ಕೆ ಎದುರಿಗಿರಬೇಕು.

ಉಚ್ಚಾರದ ವಿಷಯವಾಗಿ ನಮ್ಮವರು ಚಿಂತಿಸುವುದುಂಟು. ಇಂಗ್ಲಿಷನ್ನು ನಾವು ಕನ್ನಡದ ನಾಲಗೆಯಿಂದ ಆಡುವೆವೆಂಬುದು ತಪ್ಪಲ್ಲ. ಒಳ್ಳೆಯ ಅಧ್ಯಾಪಕನು ಸ್ಪಷ್ಟತೆಗೆ ಅಂಕ ಕೊಡುವನೇ ಹೊರತು ಹುಟ್ಟಿದ ಊರಿಗಲ್ಲ. ನಮ್ಮವರಿಗೆ ಅಡ್ಡಿಯಾಗುವುದು ಬಹುಮಟ್ಟಿಗೆ ವೇಗ. ಐದು ನಿಮಿಷದ ಭಾಷಣವನ್ನು ಮೂರೂವರೆ ನಿಮಿಷದಲ್ಲಿ ಮುಗಿಸಿ, ಅವಧಿ ಸಾಲದೆಂದು ಅಂಕ ಕಳೆದುಕೊಳ್ಳುವುದಕ್ಕಿಂತ, ವಾಕ್ಯದ ಕೊನೆಯಲ್ಲಿ ಉಸಿರೆಳೆದುಕೊಳ್ಳುವ ಅಭ್ಯಾಸ ಮಾಡಿಕೊಳ್ಳುವುದು ಲೇಸು.

ಸೋಫಾದ ಮೇಲೆ ಕುಳಿತುಕೊಳ್ಳುವ ಹಿರಿಯರಿಗೂ ಎರಡು ಮಾತು ಹೇಳಬೇಕಾಗಿದೆ. ಹುಡುಗಿ ತಡೆದು ನಿಂತಾಗ ಮರೆತ ಪದವನ್ನು ಕೂಗಿ ಹೇಳಿಕೊಡಬಾರದು. ಆ ಸ್ವರವೂ ಮುದ್ರಿತವಾಗುವುದು. ಅಡುಗೆಮನೆಯಲ್ಲಿ ಕುಕ್ಕರು ಕೂಗದಂತೆ ಮೊದಲೇ ನೋಡಿಕೊಳ್ಳಬೇಕು. ಮೊಬೈಲು ನೋಡುತ್ತ ಕುಳಿತರೆ ಕ್ಯಾಮೆರಾ ತಿರುಗಿದಾಗ ಅದೂ ಕಾಣುವುದು. ಭಾಷಣ ಮುಗಿಯಿತೆಂದು ಚಪ್ಪಾಳೆ ತಟ್ಟಿ ಒಡನೆಯೇ ಎದ್ದು ಹೋಗಲಾಗದು, ಏಕೆಂದರೆ ಸಭಿಕರ ತಲೆಯೆಣಿಕೆಗೆ ಕ್ಯಾಮೆರಾ ಇನ್ನೊಮ್ಮೆ ಬರುವುದಿದೆ.