ಇಡೀ ವರ್ಷದ ಮೀನು, ಒಂದೆರಡು ದಿನದ ಬೇಟೆ

ಉಡುಪಿ, ಮಂಗಳೂರಿನ ಕಡೆ ಬಾಣಲೆಗೆ ಬೀಳುವ ನಂಗು ಮೀನು ಗೇಣುದ್ದ ಇದ್ದರೆ ಹೆಚ್ಚು. ಅದೇ ಚಪ್ಪಟೆ ಮೀನುಗಳ ಬಳಗಕ್ಕೆ ಸೇರಿದ ಅಲಾಸ್ಕಾದ ಹ್ಯಾಲಿಬಟ್ ಎರಡೂವರೆ ಮೀಟರ್ ಉದ್ದ, 200 ಕಿಲೋ ಮೀರಿ ಬೆಳೆಯುತ್ತದೆ. ಈ ಗಾತ್ರದವೆಲ್ಲ ಹೆಣ್ಣುಗಳೇ. ಗಂಡು 45 ಕಿಲೋ ದಾಟುವುದೇ ಅಪರೂಪ.

ಇಷ್ಟು ದೊಡ್ಡ ಜೀವ ಹೊರಡುವುದು ಸುಮಾರು 3 ಮಿಲಿಮೀಟರಿನ ಮೊಟ್ಟೆಯಿಂದ. ದೊಡ್ಡ ಹೆಣ್ಣೊಂದು ಚಳಿಗಾಲದಲ್ಲಿ, ನೂರಾರು ಮೀಟರ್ ಆಳದಲ್ಲಿ, 40 ಲಕ್ಷದಷ್ಟು ಮೊಟ್ಟೆ ಇಟ್ಟೀತು. ಮರಿ ಮೊದಮೊದಲು ಎಲ್ಲ ಮೀನಿನ ಹಾಗೆ ನೆಟ್ಟಗೇ ಈಜುತ್ತದೆ, ಪಕ್ಕಕ್ಕೊಂದು ಕಣ್ಣು. ಆರು ತಿಂಗಳಾಗುವಷ್ಟರಲ್ಲಿ ಎಡಗಣ್ಣು ನೆತ್ತಿ ದಾಟಿ ಬಲಗಣ್ಣಿನ ಪಕ್ಕಕ್ಕೆ ಬಂದಿರುತ್ತದೆ! ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ ವರ್ಷಕ್ಕೊಂದು ಬಳೆ ಮೂಡುತ್ತದೆ. ಎಣಿಸಿದವರಿಗೆ ಸಿಕ್ಕ ಗರಿಷ್ಠ ವಯಸ್ಸು 55.

ಮಾರಾಟಕ್ಕೆ ಹಿಡಿಯುವುದು ಮುಖ್ಯವಾಗಿ ಗಾಳದಿಂದ. ‘ಸ್ಕೇಟ್’ ಎಂಬ ಒಂದು ಸುರುಳಿ ಎಂದರೆ 1,800 ಅಡಿ ಹಗ್ಗ, 18 ಅಡಿಗೊಂದರಂತೆ 100 ಗಾಳ. ಹತ್ತು ಸ್ಕೇಟ್ ಜೋಡಿಸಿದರೆ ಐದೂವರೆ ಕಿಲೋಮೀಟರ್, ಸಾವಿರ ಗಾಳ. ಅಷ್ಟಕ್ಕೂ ಹೆರಿಂಗ್, ಸಾಲ್ಮನ್ ಇಲ್ಲವೇ ಆಕ್ಟೋಪಸ್‌ನ ತುಂಡು ಸಿಕ್ಕಿಸಿ, ಎರಡು ತುದಿಗೆ ಲಂಗರು ಕಟ್ಟಿ ಸಮುದ್ರದ ತಳಕ್ಕೆ ಇಳಿಬಿಡುತ್ತಾರೆ. ಹಗ್ಗ ಮೇಲೆ ಬರುವಾಗ ದೋಣಿಯಂಚಿನಲ್ಲಿ ಕೊಕ್ಕೆ ಹಿಡಿದು ನಿಂತವನು ಮೀನನ್ನು ಒಳಗೆಳೆದುಕೊಳ್ಳುತ್ತಾನೆ. 32 ಅಂಗುಲಕ್ಕಿಂತ ಚಿಕ್ಕದಾದರೆ ವಾಪಸ್ ನೀರಿಗೆ. ಉಳಿದವುಗಳ ಕರುಳು ತೆಗೆದು, ಹೊಟ್ಟೆಯೊಳಕ್ಕೇ ಮಂಜುಗಡ್ಡೆ ತುಂಬಬೇಕು. ಬಿಳಿ, ಗಟ್ಟಿ, ಕೊಬ್ಬು ಕಡಿಮೆ ಇರುವ ಮಾಂಸ. ಬಲ್ಲವರು ಕೇಳುವುದು ಕೆನ್ನೆಯ ತುಂಡು.

ಆದರೂ ನನ್ನನ್ನು ಬೆಚ್ಚಿಬೀಳಿಸುವ ಅಂಕಿ 24. ಅಮೆರಿಕ, ಕೆನಡಾ ಕೂಡಿ ಈ ಮೀನಿಗೆಂದೇ 1923ರಲ್ಲಿ ಆಯೋಗ ಕಟ್ಟಿಕೊಂಡು ವರ್ಷದ ಮಿತಿ ನಿಗದಿ ಮಾಡುತ್ತಿದ್ದವು. ಅಲಾಸ್ಕಾದಲ್ಲಿ ದೋಣಿಗಳು ಎಷ್ಟು ಹೆಚ್ಚಿದವೆಂದರೆ, 1990ರ ದಶಕದ ಆರಂಭಕ್ಕೆ ಮುಖ್ಯ ಪ್ರದೇಶಗಳಲ್ಲಿ ಇಡೀ ವರ್ಷದ ಹಂಗಾಮು 24 ಗಂಟೆಯ ಎರಡು ಮೂರು ಸರದಿಗೆ ಇಳಿಯಿತು. ಬಿರುಗಾಳಿ ಇದ್ದರೂ ಹೋಗಲೇಬೇಕು. ಬಿಟ್ಟರೆ ಆ ವರ್ಷದ ದುಡಿಮೆಯೇ ಹೋಯಿತು. ದೋಣಿ ಮುಳುಗಿದವು, ಜನ ಸತ್ತರು. ಎಳೆಯಲು ಹೊತ್ತು ಸಾಲದೆ ಗಾಳದ ಸಮೇತ ಹಗ್ಗ ಬಿಟ್ಟುಬಂದರು. ದಡಕ್ಕೆ ಒಮ್ಮೆಲೇ ಬಂದು ಬಿದ್ದ ರಾಶಿಯಲ್ಲಿ ಬಹುಪಾಲು ಶೀತಲಗೃಹಕ್ಕೆ.

1995ರಲ್ಲಿ ಪಾಲಿನ ಪದ್ಧತಿ ಬಂತು: ನಿಮ್ಮ ಪಾಲನ್ನು ನಿಮಗೆ ಬೇಕಾದಾಗ ಹಿಡಿಯಿರಿ. ಹಂಗಾಮು ಸುಮಾರು ಎಂಟು ತಿಂಗಳಿಗೆ ಚಾಚಿತು, ತಾಜಾ ಹ್ಯಾಲಿಬಟ್ ಅಂಗಡಿಗೆ ಬಂತು. ಮೊದಲ ಪಾಲು ಸಿಕ್ಕಿದ್ದು ಮಾತ್ರ ದೋಣಿಯ ಒಡೆಯರಿಗೆ ಮತ್ತು ಗುತ್ತಿಗೆ ಹಿಡಿದವರಿಗೆ. ಅವರ ಹಗ್ಗ ಎಳೆದವರು ದುಡ್ಡು ಕೊಟ್ಟು ಕೊಳ್ಳಬೇಕಾಯಿತು.